ತಾತನ ತಟ್ಟೆ

ಒದ್ದೆ ಗೋಣಿ ಹೊದಿಸಿಟ್ಟ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಬಸ್ಸು ಇಳಿದಾಗ ಮೂಗಿಗೆ ಬಂದದ್ದೋ ಇಲ್ಲ ಇಷ್ಟು ವರ್ಷ ಮೂಗಿನಲ್ಲೇ ಉಳಿದಿದ್ದದ್ದೋ ಶಿವನಂಜಮ್ಮನಿಗೆ ತಿಳಿಯಲಿಲ್ಲ, ಆಷಾಢದ ಗಾಳಿ ಶ್ರಾವಣ ಬಂದರೂ ನಿಂತಿಲ್ಲ, ಬಿಳಿಗಿರಿ ಬೆಟ್ಟದ ಮೇಲೆ ಮೋಡ ಕೂತಿದೆ, ಕೆಳಗೆ ಮಾತ್ರ ಹನಿಯಿಲ್ಲ, ಮಾಂಬಳ್ಳಿಯ ಬೀದಿಯಲ್ಲಿ ಸೊಪ್ಪಿನ ಹೊರೆ ಹೊತ್ತವರು ಅರ್ಧ ಓಟ ಅರ್ಧ ನಡಿಗೆಯಲ್ಲಿ ಹೋಗುತ್ತಿದ್ದಾರೆ, ಕಡೆಯ ಜ್ವರದಿಂದ ಎದ್ದ ಹುಳಕ್ಕೆ ಹೊತ್ತುಗೊತ್ತಿಲ್ಲ, ಹಾಕಿದಷ್ಟೂ ತಿನ್ನುತ್ತದೆ — ಪೊರೆ ಕಳಚುವ ಮುಂಚೆ ರೇಷ್ಮೆಹುಳ ತಿನ್ನುವುದು ಬಿಟ್ಟು ತಲೆಯೆತ್ತಿ ಮಂಕಾಗಿ ಕೂತರೆ ಇಲ್ಲಿಯವರು ಜ್ವರಕ್ಕೆ ಕೂತಿದೆ ಎನ್ನುತ್ತಾರೆ, ಮೈಸೂರಿನಲ್ಲಿ ತಾನು ಬರೆದ ಪ್ರಬಂಧದಲ್ಲಿ ಅದಕ್ಕೆ ಬೇರೆ ಹೆಸರಿದೆ, ಆದರೆ ಬರೆಯುವಾಗಲೆಲ್ಲ ಅವ್ವ ಹುಳದ ತಟ್ಟೆಯ ಮೇಲೆ ಅಂಗೈ ಆಡಿಸಿ, ಜ್ವರ ಬಂದದ ಕೂಸೇ, ಸದ್ದು ಮಾಡಬ್ಯಾಡ, ಎಂದು ಪಿಸುಗುಟ್ಟಿದ್ದೇ ಕೇಳಿಸುತ್ತಿತ್ತು. ಸದ್ದು ಮಾಡಬಾರದು. ಈಗಲೂ ಮಾಡುವುದಿಲ್ಲ. ಬಗಲ ಬ್ಯಾಗಿನಲ್ಲಿ ಸೀರೆಯ ಮಡಿಕೆಯ ನಡುವೆ ಹೆಬ್ಬೆರಳುದ್ದದ ಗಾಜಿನ ಸೀಸೆ, ರಬ್ಬರಿನ ಬಿರಡೆ, ಅದರ ಮೇಲೆ ಮೇಣ, ಒಳಗೆ ಮಜ್ಜಿಗೆಯ ತಳದಂತೆ ಬೆಳ್ಳಗೆ ಕೂತ ಗಸಿ — ಇಂಗ್ಲೆಂಡಿನ ಪ್ರೊಫೆಸರು ತಿಳಿಸಿದ್ದರು, ನಿಮ್ಮ ಹರಳು ನೀವೇ ತನ್ನಿ, ಇಲ್ಲಿ ಅಂಥವು ಸಿಗುವುದಿಲ್ಲ — ಮುಂದಿನ ವಾರ ಬೊಂಬಾಯಿ, ಅಲ್ಲಿಂದ ವಿಮಾನ, ಡಾಕ್ಟರೇಟ್ ಆದ ಮೇಲಿನ ಎರಡು ವರ್ಷದ ಸಂಶೋಧನೆ, ಸೀಸೆಯಲ್ಲಿ ಕೋಟಿಗಟ್ಟಲೆ ಹರಳು, ಕಣ್ಣಿಗೆ ಕಾಣದಷ್ಟು ಸಣ್ಣವು, ಒಂದೊಂದರ ಒಳಗೂ ಹುಳವನ್ನು ಕೊಲ್ಲುವ ವೈರಸ್ಸು ಬೀಜದಂತೆ ಮಲಗಿದೆ, ಪ್ರಯಾಣಕ್ಕೆ ಅರ್ಧ ಸೀಸೆ ಸಾಕು. ಉಳಿದರ್ಧ ದೊಡ್ಡಪ್ಪನಿಗೆ. ಸೊಪ್ಪಿನ ಗೋಣಿಗೆ ಚಿಮುಕಿಸುವ ನೀರಿನ ಕೊಡಕ್ಕೆ ಸುರಿದು ಬಂದರಾಯಿತು, ವಾರದೊಳಗೆ ಅವನ ಮನೆ ತುಂಬ ಬಿರಿದ ಹುಳದ ಹಾಲು.

ಜಗಲಿಯ ಮೇಲೆ ದೊಡ್ಡಪ್ಪ ಪುಟ್ಟಬಸಪ್ಪ, ಅಪ್ಪನ ಅಣ್ಣ, ಕಂಬಳಿ ಹೊದ್ದು ಕೂತಿದ್ದಾನೆ, ಎರಡೂ ಕಣ್ಣಿಗೆ ಪೊರೆ ಬಂದು ಬೂದಿ ಬಣ್ಣಕ್ಕೆ ತಿರುಗಿವೆ, ಹೆಜ್ಜೆಯ ಸದ್ದಿಗೆ ಮುಖವೆತ್ತಿ, ಯಾರವ್ವಾ, ನಂಜಿಯಾ, ಬಾ ಕೂಸೇ ಬಾ, ಲೇ ನಿಂಗಾ, ನೋಡ್ಲಾ ನಮ್ಮನೆ ಡಾಕ್ಟ್ರು ಬಂದವ್ಳೆ, ಎದುರು ಮನೆಯ ನಿಂಗಯ್ಯ ಹೊರೆ ಇಳಿಸಿ ಸೊಂಟ ಹಿಡಿದುಕೊಂಡು, ಅಂಗಾರ ನನ್ ಮಂಡಿಗೊಂದು ಸೂಜಿ ಆಕವ್ವಾ ಎನ್ನುತ್ತಾನೆ, ಥೂ, ಮನುಸ್ರ್ ಡಾಕ್ಟ್ರಲ್ಲ ಕಣ್ಲಾ, ಉಳದ್ ಡಾಕ್ಟ್ರು, ಸೀಮೆಗೆ ಓಯ್ತಾವ್ಳೆ, ಅಯ್ಯೋ ನಾನೇನ್ ಉಳಕ್ಕಿಂತ ಕಡೆಯಾ ಪುಟ್ಬಸಪ್ಪಣ್ಣ, ಉಳವಾದ್ರೂ ಒಂದ್ ಗೂಡು ಕಟ್ತದ, ನೀನೇನ್ ಕಟ್ಟಿದ್ದೀಯ್ಲಾ — ಇಬ್ಬರೂ ಕೆಮ್ಮು ಬರುವಷ್ಟು ನಗುತ್ತಾರೆ, ಅವಳೂ ತುಟಿ ಅಗಲ ಮಾಡುತ್ತಾಳೆ, ಇದೇ ಜಗಲಿ, ಇದೇ ಗಂಟಲು. ಕೊಳ್ಳೇಗಾಲ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ಅಪ್ಪ ತೀರಿಕೊಂಡು ಇನ್ನೂ ಮಳೆಗಾಲ ಕಳೆದಿರಲಿಲ್ಲ, ಹುಳ ಇನ್ನೇನು ಗೂಡಿಗೆ ಏರಬೇಕು ಅನ್ನುವಾಗ ಹಾಲುತೊಂಡೆ ರೋಗ ಬಡಿಯಿತು, ಮೈ ಉಬ್ಬಿ ಗೆಣ್ಣೆಲ್ಲ ಹೊಳೆದು ಹುಳ ಸೊಪ್ಪು ಬಿಟ್ಟು ತಟ್ಟೆಯ ಅಂಚು ಹತ್ತುತ್ತದೆ, ಅಂಚಿನಲ್ಲೇ ಸುತ್ತುತ್ತದೆ, ಆಮೇಲೆ ಚರ್ಮ ಬಿರಿದು ಹಾಲಿನಂಥ ರಸ, ತಟ್ಟೆ ತಟ್ಟೆಯೂ ಹಾಗೇ, ಮನೆಗೆ ಮನೆಯೇ ನಾರಿತು, ದೊಡ್ಡಪ್ಪ ನಡುಮನೆಯಲ್ಲಿ ನಿಂತು, ಯಾವಳ್ಳಾ ಒರಗಾಗಿದ್ದೋಳು ಉಳದ್ ಮನೆ ಒಕ್ಕಿದ್ದು ಎಂದ, ಎಲ್ಲ ಹೆಂಗಸರನ್ನೂ ನೋಡಿ ಕೊನೆಗೆ ಅವ್ವನ ಮೇಲೆ, ಗಂಡನಿಲ್ಲದ ದೇವೀರಮ್ಮನ ಮೇಲೆ, ಕಣ್ಣು ನಿಲ್ಲಿಸಿದ. ಆಗ ಕಣ್ಣು ಚೆನ್ನಾಗಿದ್ದವು. ಇಲ್ಲ ಬಾವ, ಮಾದಪ್ಪನಾಣೆ, ನಾನು ಒರಗಾಗಿಲ್ಲ, ಒಳಗೂ ಓಗಿಲ್ಲ. ಇಲ್ಲ ಅನ್ನಬ್ಯಾಡ ಮುಂಡೇ, ನೀನ್ ಸುಳ್ಳೇಳಬೋದು, ಉಳ ಸುಳ್ಳೇಳ್ತದಾ. ಸತ್ತ ಹುಳವನ್ನೆಲ್ಲ ಅವಳ ಮಡಿಲಿಗೇ ತುಂಬಿಸಿದ, ಬರಿ ಕೈಯಲ್ಲಿ ತುಂಬಿಕೊಂಡಳು, ಹೊಳೆಯ ತನಕ ನಡೆಸಿದ, ಹಗಲು ಹೊತ್ತು, ನಡುಬೀದಿಯಲ್ಲಿ, ಬಾಗಿಲ ಬಾಗಿಲಲ್ಲೂ ಜನ ಒಳಕ್ಕೆ ಸರಿದರು, ಹಿಂದೆ ಹೋಗುತ್ತಿದ್ದ ನಂಜಿಗೆ ಅವ್ವನ ಮುಖ ಕಾಣಲಿಲ್ಲ, ಸೆರಗಿನ ತುದಿ ಮಾತ್ರ ಕಂಡಿತು, ಅಲ್ಲಿಂದ ಬೆಳ್ಳನೆಯ ಹನಿ, ಉಬ್ಬುತ್ತದೆ, ತೂಗುತ್ತದೆ, ಧೂಳಿಗೆ ಬೀಳುತ್ತದೆ, ಮತ್ತೊಂದು. ಅದನ್ನು ತುಳಿಯದ ಹಾಗೆ ಕಾಲು ಎತ್ತಿ ಎತ್ತಿ ಇಟ್ಟಳು.

ಆಮೇಲೆ ಅವ್ವ ಆ ಹೊಸಿಲು ತುಳಿಯಲಿಲ್ಲ, ಅವನೂ ತುಳಿಯಗೊಡಲಿಲ್ಲ, ಕೊಳ್ಳೇಗಾಲದಲ್ಲಿ ನೇಯ್ಗೆಯ ಸುಬ್ಬಯ್ಯನವರ ಮನೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತಲು ನಿಂತಳು, ಮಗ್ಗದ ಪಕ್ಕದಲ್ಲಿ ಚಕ್ರ, ಚಕ್ರದ ಪಕ್ಕದಲ್ಲಿ ನೀರಿನ ಚೆಂಬು, ಪ್ರತಿ ಎಳೆ ಮುಟ್ಟುವ ಮುಂಚೆ ಕೈ ತೊಳೆಯುವಳು, ತೊಳೆದದ್ದನ್ನೇ ಮತ್ತೆ ತೊಳೆಯುವಳು, ಬೆರಳ ತುದಿಯೆಲ್ಲ ಬಿರಿದು ಸುಲಿದು ಅಲಗಿನಂತಾದವು, ಸುಬ್ಬಯ್ಯ ಒಳ್ಳೆಯ ಮನುಷ್ಯ, ಬೈಯಲಿಲ್ಲ, ಅವ್ವಾ ನಿನ್ ಬೆರಳ್ಗೆ ಎಳೆ ಸಿಕ್ಕಂಡು ಕಿತ್ತೋಯ್ತದಲ್ಲ, ಒಸಿ ಎಣ್ಣೆನಾದ್ರೂ ಸವರ್ಕೊ ಎಂದರು, ಎಣ್ಣೆ ಸವರಿದರೆ ರೇಷ್ಮೆಗೆ ಕಲೆ, ಸವರದಿದ್ದರೆ ಎಳೆ ಕಿತ್ತು ಹೋಗುತ್ತದೆ, ಕೊನೆಗೆ ಅಂಗಳ ಗುಡಿಸುವ ಕೆಲಸ ಕೊಟ್ಟರು, ಮಗಳು ಓದಿದಳು, ಓದುತ್ತಲೇ ಹೋದಳು, ಯಾರು ಏನು ಓದಬೇಕೆಂದು ಕೇಳಿದರೂ ಒಂದೇ ಉತ್ತರ, ಹುಳದ ರೋಗ, ಹುಳದ ರೋಗ. ಸೂಕ್ಷ್ಮದರ್ಶಕದ ಕೆಳಗೆ ಮೊದಲ ಸಲ ಆ ಹರಳು ಕಂಡ ದಿನ ಕೊಳ್ಳೇಗಾಲಕ್ಕೆ ಓಡಿ ಬಂದಿದ್ದಳು, ಅವ್ವಾ, ಮೈಲಿಗೆಯಲ್ಲ ಅದು, ಹರಳು, ಕಲ್ಲುಸಕ್ಕರೆಯ ಹಾಗೆ ಮೂಲೆ ಮೂಲೆ ಇದೆ, ಹುಳದ ಹೊಟ್ಟೆಯ ಕ್ಷಾರದಲ್ಲಿ ಕರಗಿ ಒಳಗಿನ ವೈರಸ್ಸು ಹೊರಗೆ ಬರುತ್ತದೆ, ನಿನ್ನಿಂದಲ್ಲ. ಅವ್ವ ಬಿರಿದ ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡು ಕೇಳಿದಳು, ಕೇಳಿ, ನೀನ್ ಒಳ್ಳೆ ಮಗಳು ಕಣವ್ವಾ, ಅವ್ವನ್ಗೆ ಸಮಾದಾನ ಏಳ್ತೀಯೆ, ನನ್ ಕೈ ಸರಿ ಇಲ್ಲ ಬುಡು ಎಂದಳು. ಸಾಯುವಾಗಲೂ ಅದನ್ನೇ. ನನ್ ಕೈ ಸರಿ ಇಲ್ಲ. ಮಾದಪ್ಪನ ಮೇಲೆ ಆಣೆ ಇಟ್ಟವಳೇ ತನ್ನ ಆಣೆಯನ್ನು ನಂಬದೆ ಸತ್ತಳು, ಅದು ದೊಡ್ಡಪ್ಪ ಮಾಡಿದ್ದು, ಸೀಸೆ ತಂದದ್ದು ಬೈದದ್ದಕ್ಕಲ್ಲ, ಮಡಿಲಿಗೆ ತುಂಬಿಸಿದ್ದಕ್ಕೂ ಅಲ್ಲ, ಇದಕ್ಕೆ, ಇದೊಂದಕ್ಕೆ.

ಮತ್ತೆ ಎಲ್ಲಿಂದ ಬಂತು ಅದು, ಎಂದು ಮೈಸೂರಿನ ಗೈಡು ಹನುಮಯ್ಯನವರು ಕೇಳಿದ್ದರು, ಬೀಜ ಬೇಕಲ್ಲಮ್ಮ, ತಾನಾಗಿ ಹುಟ್ಟುವುದಿಲ್ಲ, ಎಲ್ಲೋ ಕೂತಿರಬೇಕು — ಕೂತಿತ್ತು, ಅವಳಿಗೆ ಗೊತ್ತಿತ್ತು, ತಾತನ ತಟ್ಟೆ. ಮೊದಲ ಒಳ್ಳೆಯ ಬೆಳೆ ತಾತನಿಗೆ ಬಂದದ್ದು ಆ ಬಿದಿರು ತಟ್ಟೆಯಲ್ಲಿ, ಅಂದಿನಿಂದ ಮೊಟ್ಟೆಯೊಡೆದ ಮರಿಯನ್ನು ಮೊದಲು ಅದರಲ್ಲೇ ಮಲಗಿಸಬೇಕು, ಆಮೇಲೆ ಬೇರೆ ತಟ್ಟೆಗೆ, ಬೇರೆ ತಟ್ಟೆಯನ್ನೆಲ್ಲ ಹೊಳೆಗೆ ಒಯ್ದು ಉಜ್ಜುತ್ತಾರೆ, ಅದನ್ನು ಉಜ್ಜುವ ಹಾಗಿಲ್ಲ, ನೀರು ಸೋಕಿದರೆ ಕೈಗುಣ ಹೋಗುತ್ತದೆ, ಪ್ರತಿ ಬೆಳೆಗೂ ಹಳೆಯ ಸಗಣಿಯ ಮೇಲೆ ಹೊಸ ಸಗಣಿ ಸಾರಿಸುತ್ತಾರೆ, ಅಷ್ಟೇ, ಊರಿನವರು ಬೆಳೆ ಕೈಕೊಟ್ಟಾಗ ಬೇಡಿಕೊಂಡು ಒಯ್ಯುತ್ತಾರೆ, ನಿಂಗಯ್ಯನೂ ಒಯ್ದಿದ್ದ, ಕೈಗುಣದ ಜೊತೆ ರೋಗವನ್ನೂ ಮನೆಮನೆಗೆ ಹಂಚಿದ್ದಾರೆ. ದೊಡ್ಡವ್ವ ತೀರಿಕೊಂಡಾಗ ಸೂತಕದ ಮನೆಯಲ್ಲಿ ಆ ಸಲ ಬೆಳೆ ಇಟ್ಟಿರಲಿಲ್ಲ, ತಟ್ಟೆ ಹಿತ್ತಿಲ ಗೋಡೆಗೆ ಒರಗಿತ್ತು, ಹೆಂಗಸರೆಲ್ಲ ಮುಂದುಗಡೆ ಅಳುತ್ತಿದ್ದಾಗ ಅವಳು ಹಿಂದುಗಡೆ ಹೇರ್‌ಪಿನ್ನಿನಿಂದ ಅಂಚಿನ ಸಗಣಿ ಕೆರೆದು ಕರವಸ್ತ್ರಕ್ಕೆ ಕಟ್ಟಿದಳು, ಪದರ ಪದರ, ಅಡಿಯದು ಕಲ್ಲಿನಂತಾಗಿತ್ತು, ಮೈಸೂರಿನಲ್ಲಿ ನೆನೆಹಾಕಿ ಸೋಸಿ ಆರೋಗ್ಯವಂತ ಹುಳಕ್ಕೆ ತಿನ್ನಿಸಿದಳು, ವಾರದೊಳಗೆ ಹುಳ ಅಂಚು ಹತ್ತಿದವು. ಆ ಹಾಲಿನಿಂದ ತೆಗೆದ ಹರಳೇ ಪ್ರಬಂಧ, ಅದೇ ಡಾಕ್ಟರ್ ಪದವಿ, ಅದರ ಪುಡಿಯ ಮೂಲಕ ಎಕ್ಸ್-ರೇ ಹಾಯಿಸಿ ತೆಗೆದ ಚಿತ್ರ ನೋಡಿಯೇ ಇಂಗ್ಲೆಂಡಿನವರು ಕರೆದದ್ದು, ಕಪ್ಪು ಫಿಲ್ಮಿನ ಮೇಲೆ ಒಂದರೊಳಗೊಂದು ಉಂಗುರ, ಸುಮ್ಮನಿದ್ದ ನೀರಿಗೆ ಹನಿ ಬಿದ್ದಂತೆ, ಇಂಥ ಅಚ್ಚುಕಟ್ಟು ಯಾರ ಹರಳಿನಲ್ಲೂ ನೋಡಿಲ್ಲ ಎಂದಿದ್ದರಂತೆ, ಉಂಗುರ ಉಂಗುರವನ್ನೂ ಅಳೆದು ಒಳಗಿನ ಅಣುಗಳು ಹೇಗೆ ಜೋಡಿಸಿಕೊಂಡಿವೆ ಎಂದು ಹೇಳುವುದು ಎರಡು ವರ್ಷದ ಕೆಲಸ, ಇಷ್ಟು ಓದಿದವರಲ್ಲಿ ಅದಕ್ಕೆ ಆರಿಸಿದ್ದು ಒಬ್ಬಳನ್ನು, ಹನುಮಯ್ಯನವರು ಕಣ್ಣೊರೆಸಿಕೊಂಡಿದ್ದರು, ನಿನ್ನ ತಾಯಿ ಇರಬೇಕಿತ್ತಮ್ಮ. ಇರಬೇಕಿತ್ತು. ಪದವಿ ಬಂದ ಮರುದಿನ ಈ ಜಗಲಿಗೇ ಬಂದು ದೊಡ್ಡಪ್ಪನಿಗೆ ತಟ್ಟೆಯ ಸಂಗತಿ ಹೇಳಿದ್ದಳು, ಅವನು ತೊಡೆ ತಟ್ಟಿ ನಕ್ಕಿದ್ದ, ತಾತನ್ ತಟ್ಟೆ ರೋಗ ತತ್ತದಾ, ಓದಿ ಓದಿ ಮಿದುಳು ಬಿಸಿಯಾಗದ ಕೂಸೇ, ಹರಳೆಣ್ಣೆ ತಟ್ಕೊ.

ಕಾಫಿ ಕುಡ್ದಾ, ಕುಡಿದಾಯ್ತು ದೊಡ್ಡಪ್ಪ, ಇಮಾನದಲ್ಲಿ ಕೂತ್ರೆ ಕಿವಿ ಮುಚ್ಚೋಯ್ತದಂತಲ್ಲ, ಹೌದಂತೆ, ಒಗ್ಗಟ್ಟಿನ ಮನೆಯ ಹಿರಿಯನಂತೆ ಮಾತಾಡುತ್ತಾನೆ, ಹುಟ್ಟಿನಿಂದ ಅವಳನ್ನು ತೊಡೆಯ ಮೇಲೆ ಸಾಕಿದವನಂತೆ, ಊರಿಗೆಲ್ಲ ಹೇಳಿಕೊಂಡಿದ್ದಾನೆ, ನಮ್ಮ ಮನೆ ಕೂಸು, ಬೆಟ್ಟಕ್ಕೆ ಹೋಗಿ ಮಾದಪ್ಪನಿಗೆ ಮುಡಿಪು ಕಟ್ಟಿ ಬಂದಿದ್ದಾನಂತೆ ಇವಳ ಹೆಸರಿನಲ್ಲಿ, ಒಂದು ಮಾತು ಸಾಕಿತ್ತು, ಮುಡಿಪು ಬೇಡ, ಒಂದೇ ಮಾತು, ಬ್ಯಾಗಿನ ಮೇಲೆ ಕೈಯಿಟ್ಟುಕೊಂಡು ಕಡೆಯ ಸಲ ಹೇಳಿ ನೋಡಿದಳು, ದೊಡ್ಡಪ್ಪ, ಆವತ್ತು ಅವ್ವ ಹೊರಗಾಗಿರಲಿಲ್ಲ. ಗಾಳಿ ಹೊರೆಯ ಸೊಪ್ಪನ್ನು ಒಂದು ಸಲ ತಿರುವಿ ಹಾಕಿತು. ಅವನು ಬೂದಿ ಕಣ್ಣನ್ನು ಅವಳಿದ್ದ ಕಡೆಗೆ ತಿರುಗಿಸಿ, ದನಿ ಮೆತ್ತಗೆ ಮಾಡಿ, ಪ್ರೀತಿಯಿಂದಲೇ — ಅದೇ ಅವಳಿಗೆ ತಡೆಯಲಾಗದ್ದು, ಪ್ರೀತಿಯಿಂದ — ಆಗೋಗಿರೋ ಕತೆ ಈಗ್ಯಾಕವ್ವ, ತೆಪ್ಪು ಯಾರ್ ಮಾಡಲ್ಲ, ಅವಳೂ ಸತ್ತೋದ್ಲು, ನಾನ್ ಅವಳ್ನ ಯಾವತ್ತೋ ಮನ್ನುಸ್ಬುಟ್ಟೆ. ಮನ್ನಿಸಿಬಿಟ್ಟನಂತೆ. ಆ ಮಾತು ಎದೆಗಿಂತ ಮೊದಲು ಅಂಗೈಗೆ ತಾಗಿತು, ಬ್ಯಾಗಿನ ಬಟ್ಟೆಯ ಮೇಲಿಂದ ಸೀಸೆಯ ಕುತ್ತಿಗೆ ಸಿಕ್ಕಿತು, ಮೇಣವನ್ನು ಉಗುರಿನಿಂದ ಒತ್ತಿದಳು, ಸರಿ ದೊಡ್ಡಪ್ಪ. ಬಾ, ಉಳ ನೋಡ್ವೆ ಬಾ, ಈಸಲ ಬಂಗಾರ ಬಂದದ, ಸೀಮೆಗೋಗೋ ಕೈ, ತಾತನ್ ತಟ್ಟೆ ಮ್ಯಾಕೆ ಒಂದ್ ಕಿತ ಇಟ್ಟೋಗು, ಕೈಗುಣ ನಿಲ್ಲಲಿ. ಹೊಸಿಲು. ಅವ್ವ ತುಳಿಯದ ಹೊಸಿಲು. ಅವನೇ ಕೈಹಿಡಿದು ದಾಟಿಸುತ್ತಿದ್ದಾನೆ, ಒಣಗಿದ ಹಗುರ ಕೈ, ಹುಳ ಸಾಕುವವರ ಕೈ, ಮೆತ್ತಗೆ.

ಒಳಗೆ ಕತ್ತಲು, ಮಳೆ, ಮಳೆಯಲ್ಲ, ಸಾವಿರಾರು ಬಾಯಿ ಸೊಪ್ಪು ತಿನ್ನುವ ಸದ್ದು, ಅಂತಸ್ತು ಅಂತಸ್ತಾದ ಅಟ್ಟದುದ್ದಕ್ಕೂ ತಟ್ಟೆ, ಕೆಳಗೆ ನೀರಿನ ಕೊಡ, ಬಾಯಿ ತೆರೆದುಕೊಂಡೇ ಇದೆ, ಅದರ ಪಕ್ಕದಲ್ಲಿ ಸೋಮಮ್ಮ ಗೋಣಿ ಸರಿಸಿ ಸೊಪ್ಪು ಬಿಡಿಸುತ್ತಿದ್ದಾಳೆ, ದೊಡ್ಡಪ್ಪನ ಸೊಸೆ, ಹನೂರಿನ ಕಾಡಂಚಿನ ಕಡೆಯವಳು, ರಾಗಿ ಹೊಲದಿಂದ ಬಂದವಳು, ಹುಳ ಕಂಡದ್ದೇ ಮದುವೆಯಾದ ಮೇಲೆ, ಮೊದಮೊದಲು ಹುಳ ಮುಟ್ಟೋಕೇ ಎದರ್ತಿದ್ಲು, ಈಗ ನೋಡು ಎಂದು ದೊಡ್ಡಪ್ಪ ನಗುತ್ತಾನೆ, ಅವಳು ಸೆರಗು ಎಳೆದುಕೊಂಡು, ಮಾವಯ್ಯ ಸುಮ್ಕಿರಿ ಎನ್ನುತ್ತಾಳೆ, ದನಿಯಲ್ಲಿ ನಗೆ, ಮೈಯಲ್ಲಿ ಅಂಜಿಕೆ. ಗಂಡ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಾನಂತೆ. ಕೊಡ, ಬರಿ ಎರಡು ಹೆಜ್ಜೆ, ಇವರು ಅತ್ತ ತಿರುಗಿದಾಗ — ಆಗಲೇ ಕಂಡಿತು. ತಾತನ ತಟ್ಟೆ ಮಧ್ಯದ ಅಟ್ಟದಲ್ಲಿ, ಹೊಸ ಸಗಣಿಯ ಹಸುರು ವಾಸನೆ ಇನ್ನೂ ಇದೆ, ಹುಳವೆಲ್ಲ ಸೊಪ್ಪಿನಲ್ಲಿ ಮುಳುಗಿ ತಿನ್ನುತ್ತಿವೆ, ಒಂದು ಮಾತ್ರ ಅಂಚಿನ ಮೇಲೆ, ಸೊಪ್ಪಿಗೆ ಬೆನ್ನು ಹಾಕಿ ಸುತ್ತುತ್ತಿದೆ, ಮೈ ಬಿಗಿದು ಗೆಣ್ಣು ಗೆಣ್ಣೂ ಹೊಳೆಯುತ್ತಿದೆ. ಅಷ್ಟು ದೂರದಲ್ಲಿ ಇನ್ನೊಂದು. ಉಗುರು ಮೇಣದಿಂದ ತಾನಾಗಿ ಸರಿಯಿತು. ಸೀಸೆ ಬೇಡ. ತಟ್ಟೆ ತನ್ನ ಕೆಲಸ ತಾನು ಮಾಡಿದೆ, ತಾತನ ಕಾಲದಿಂದ ಮಾಡುತ್ತಲೇ ಇದೆ, ಇವಳು ಕೈ ಎತ್ತಬೇಕಾಗಿಯೇ ಇರಲಿಲ್ಲ, ಬಾಯಿ ತೆರೆಯದಿದ್ದರೆ ಸಾಕು. ತೆರೆದರೆ — ಈ ಒಂದು ತಟ್ಟೆ ಸುಟ್ಟು, ಸುತ್ತಲೂ ಸುಣ್ಣ ಚೆಲ್ಲಿ, ಉಳಿದ ತಟ್ಟೆ ಬೇರೆ ಕೋಣೆಗೆ ಒಯ್ದರೆ ಮುಕ್ಕಾಲು ಬೆಳೆ ಉಳಿಯುತ್ತದೆ, ಇದೊಂದೇ ಹೊತ್ತು, ನಾಳೆಗೆ ಉಳಿಯುವುದಿಲ್ಲ, ಅದಕ್ಕೆಂದೇ ಓದಿದ್ದಲ್ಲವೇ ಇದನ್ನು, ಅದಕ್ಕೆಂದು ಓದಲಿಲ್ಲ.

ಅಕ್ಕಾ, ಸೋಮಮ್ಮ ಪಕ್ಕದಲ್ಲೇ ನಿಂತಿದ್ದಾಳೆ, ಮಾವನಿಗೆ ಕೇಳಿಸದಷ್ಟು ಸಣ್ಣಗೆ, ಅಕ್ಕಾ, ಈ ಉಳ ಯಾಕ ಸೊಪ್ಪು ಬುಟ್ಟು ಅಂಚಿಗೆ ಅತ್ತದೆ. ಬೆರಳು ತೋರಿಸುತ್ತಿದೆ, ಎಳೆಯ ಬೆರಳು, ಸೊಪ್ಪಿನ ಕಲೆ ಉಗುರಿಗೆ ಇಳಿದಿದೆ. ಹಣ್ಣಾಗುತ್ತಿದೆ ಸೋಮಿ, ಗೂಡು ಕಟ್ಟುವ ಹೊತ್ತು ಬಂತಲ್ಲ, ಜಾಗ ಹುಡುಕುತ್ತಿದೆ. ಎಷ್ಟು ಸಲೀಸಾಗಿ ಬಂತು ಸುಳ್ಳು, ಪರೀಕ್ಷೆಯಲ್ಲಿ ಉತ್ತರ ಹೇಳಿದ ಹಾಗೆ. ಔದಾ, ಬಿರ್ನೇ ಉಳ ಅಣ್ಣಾಯ್ತಲ್ಲ ಎಂದು ಅವಳ ಮುಖ ಅರಳಿತು, ನಮ್ಮ ಕೈಲಿ ಬಂದ ಮೊದಲ್ನೇ ಬೆಳೆ ಕಣಕ್ಕ, ಎನ್ನುತ್ತ ಆ ಹುಳವನ್ನೇ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು, ಕೈ, ಅವ್ವನ ಕೈ, ವಾರದೊಳಗೆ ನಡುಮನೆಯಲ್ಲಿ ನಿಂತು ಅವನು ಕೇಳುತ್ತಾನೆ, ಯಾವಳ್ಳಾ ಒರಗಾಗಿದ್ದೋಳು, ಈಗ ಮನೆಯಲ್ಲಿರುವ ಹೆಂಗಸು ಒಬ್ಬಳೇ, ಹುಡುಕಬೇಕಾಗಿಯೂ ಇಲ್ಲ, ಬೀದಿ, ಹೊಳೆ, ಮಡಿಲು, ಹಿಂದೆ ನಡೆಯಲು ಇನ್ನೂ ಮಗಳೂ ಇಲ್ಲ ಇವಳಿಗೆ. ಇಲ್ಲ. ಇದು ಆಗಬಾರದು. ಹಾಗಾದರೆ ಹೇಳು, ತಟ್ಟೆ ಸುಡು ಎನ್ನು, ಅವನು ಸುಡುವುದಿಲ್ಲ, ಕೂಗಿ ನಿಂಗಯ್ಯನನ್ನು ಕರೆ, ಊರು ಸೇರಿಸು, ಇಬ್ಬರು ಓದಿದವರು ಸಿಕ್ಕರೆ — ಬೆಳೆ ಉಳಿಯುತ್ತದೆ, ಅವನು ಗೆಲ್ಲುತ್ತಾನೆ, ನಮ್ಮ ಕೂಸು ಉಳಿಸಿದಳು ಎಂದು ಜಗಲಿಯಲ್ಲಿ ಕೂತು ನಗುತ್ತಾನೆ, ಮನ್ನುಸ್ಬುಟ್ಟೆ, ಮನ್ನುಸ್ಬುಟ್ಟೆ. ಇಡವ್ವಾ ಕೈಯ, ಎನ್ನುತ್ತಿದ್ದಾನೆ ದೊಡ್ಡಪ್ಪ ಬಾಗಿಲ ಹತ್ತಿರದಿಂದ. ಇಟ್ಟಳು. ಎರಡೂ ಕೈ, ಅಗಲವಾಗಿ, ತಾತನ ತಟ್ಟೆಯ ಅಂಚಿನ ಮೇಲೆ, ಎರಡನೆಯ ಹುಳ ಹೆಬ್ಬೆರಳ ಪಕ್ಕದಲ್ಲೇ ತಣ್ಣಗೆ ಹರಿಯಿತು, ಹೊಸ ಸಗಣಿ ಒರಟು, ಎಲ್ಲ ತಟ್ಟೆಗಳನ್ನೂ ಒಂದೊಂದಾಗಿ ಮುಟ್ಟಿದಳು, ಕೊನೆಗೆ ಬೀದಿಗೂ ಕೇಳುವ ಹಾಗೆ, ದೊಡ್ಡಪ್ಪ, ನಿನಗೊಂದು ಮಾತು ಹೇಳಬೇಕಿತ್ತು, ನಾನು ಹೊರಗಾಗಿ ಇದು ಎರಡನೇ ದಿನ. ಸಾವಿರಾರು ಬಾಯಿ ತಿನ್ನುತ್ತಲೇ ಇದ್ದವು. ಅವನ ಕೈ ಗೋಡೆ ಹುಡುಕಿತು, ಗೋಡೆ ಸಿಗಲಿಲ್ಲ, ಏನಂದೇ, ಏನಂದೇ ಕೂಸೇ, ತಿಳಿದೂ ತಿಳಿದೂ ಒಕ್ಕಿದ್ಯಾ, ಹೌದು ದೊಡ್ಡಪ್ಪ, ತಿಳಿದೇ, ನಿನ್ನ ಬೆಳೆ ಕೆಟ್ಟರೆ ನನ್ನಿಂದ, ಸೋಮಿಯ ಮೇಲೆ ಮಾತು ಬಂದರೆ ಮಾದಪ್ಪ ನೋಡಿಕೊಳ್ಳಲಿ, ನಿಂಗಯ್ಯ ಕೇಳಿಸ್ಕೊಂಡ್ಯಾ, ಎದುರು ಜಗಲಿಯಲ್ಲಿ ನಿಂಗಯ್ಯ ಮಂಡಿ ಮರೆತು ಎದ್ದು ಬೀದಿಗೆ ಇಳಿದಿದ್ದ.

ಯಳಂದೂರಿನ ಬಸ್ ಸ್ಟ್ಯಾಂಡಿನ ನಲ್ಲಿ, ನೀರು ನೂಲಿನಷ್ಟು ಬರುತ್ತಿದೆ, ಕೈ ತೊಳೆಯುತ್ತಿದ್ದಾಳೆ, ತೊಳೆಯಲೇಬೇಕು, ಕೈಗೆ ಹರಳು ಅಂಟಿದೆ, ಬೇರೆ ಊರಿನ ಹುಳಕ್ಕೆ ಒಯ್ಯಬಾರದು, ಅಷ್ಟೇ, ಬೇರೇನಿಲ್ಲ, ಸೋಪು ಬ್ಯಾಗಿನಲ್ಲಿದೆ, ಮೈಸೂರಿನ ಬಸ್ಸು ಹಾರನ್ನು ಹೊಡೆಯಿತು, ಬರ್ತೀರೇನಮ್ಮ ಎಂದ ಕಂಡಕ್ಟರು, ಬಂದೆ, ಇನ್ನೊಂದು ಸಲ. ವಾರದೊಳಗೆ ಅವನ ಮನೆ ನಾರುತ್ತದೆ. ಬೂದಿ ಕಣ್ಣಿಗೆ ಕಾಣದಿದ್ದರೂ ಮೂಗಿಗೆ ತಿಳಿಯುತ್ತದೆ. ಸೋಮಮ್ಮ ಉಳಿದಳು, ಸೀಸೆ ಉಳಿಯಿತು, ಪೂರ್ತಿ ಸೀಸೆ, ಮೇಣದ ಮೇಲೆ ಉಗುರಿನ ಗುರುತು ಮಾತ್ರ, ಎಲ್ಲ ತೀರಿತು, ಅವನ ಕಾನೂನಿನಲ್ಲೇ ಅವನನ್ನು ಹೊಡೆದು ಬಂದೆ, ತೀರಿತು ಅವ್ವಾ — ಅನ್ನುವಾಗಲೇ ಕಿವಿಯೊಳಗೆ ಅವನ ಗಂಟಲು, ಜಗಲಿಯಲ್ಲಿ, ಸುತ್ತ ಊರು ಸೇರಿದೆ, ನಾನ್ ಏಳ್ಲಿಲ್ವಾ, ಅವ್ವನಂಗೇ ಮಗಳು, ಆವತ್ತು ಅವಳು ಒಕ್ಕಿದ್ಲು, ಇವತ್ತು ಇವಳು, ನೋಡ್ಕಳ್ಳಿ, ಉಳ ಸುಳ್ಳೇಳ್ತದಾ. ನಾನೇ ಹೇಳಿದೆ. ಅವ್ವ ಆಣೆಯಿಟ್ಟು ಅಲ್ಲ ಎಂದದ್ದನ್ನು ಇಷ್ಟು ಓದಿ ನಾನು ಹೌದು ಎಂದು ಬಂದೆ, ನಡುಬೀದಿಗೆ ಕೇಳುವ ಹಾಗೆ, ತಟ್ಟೆಯನ್ನು ಮತ್ತೆ ಯಾರೂ ತೊಳೆಯುವುದಿಲ್ಲ, ಸಗಣಿಯ ಮೇಲೆ ಸಗಣಿ, ಅವನು ನನ್ನನ್ನೂ ಒಂದು ದಿನ ಮನ್ನಿಸುತ್ತಾನೆ. ಸೋಪು ಜಾರಿ ಚರಂಡಿಗೆ ಬಿತ್ತು. ಬೆರಳ ತುದಿ ಉರಿಯುತ್ತಿದೆ, ತೊಳೆದದ್ದು ಎಷ್ಟು ಹೊತ್ತಾಯಿತು, ಕಂಡಕ್ಟರು ಮತ್ತೆ ಕೂಗಿದ, ನಲ್ಲಿಯಲ್ಲಿ ನೀರು ನಿಂತಿದೆ, ಅದರ ಬಾಯಲ್ಲಿ ಒಂದು ಹನಿ, ಸೋಪಿನ ಬಿಳುಪು ಸೇರಿಕೊಂಡು, ಅಂಚಿನಲ್ಲಿ, ತಟ್ಟೆಯ ಅಂಚಿನಲ್ಲಿ, ಸೆರಗಿನ ಅಂಚಿನಲ್ಲಿ, ಉಬ್ಬುತ್ತಿದೆ, ತೂಗುತ್ತಿದೆ, ಬಿದ್ದರೆ ಉಂಗುರ ಏಳುತ್ತದೆ, ಬೀಳುತ್ತಿಲ್ಲ, ಬೆಳ್ಳಗೆ, ಅಂಚಿನಲ್ಲಿ, ಬೀಳುತ್ತಿಲ್ಲ